ಬಾಡಿಗೆ ಕಟ್ಟಡದಲ್ಲಿ ನಮ್ಮ ಸ್ವಂತ ಹಣ ಎಷ್ಟಿರಬೇಕು?



ಕಾಫಿಗೂ ಅಡಿಕೆಗೂ ನಾಲ್ಕು ಕಾಸು ಹೆಚ್ಚು ಬಂದ ವರ್ಷಗಳಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ಮಾತು ಗೊಬ್ಬರ, ಬೋರ್ಡೋ ದ್ರಾವಣ, ಕೂಲಿ ದರಗಳಿಂದ ಆರಂಭವಾಗಿ ಪೇಟೆಯ ಸೈಟು, ಮನೆ, ಮಳಿಗೆಗಳಲ್ಲಿ ಮುಗಿಯುವುದು ವಾಡಿಕೆ. ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಹಾಸನದಲ್ಲೋ ಒಂದು ಮನೆ ತೆಗೆದು ಬಾಡಿಗೆಗೆ ಕೊಡಬೇಕು, ಮಕ್ಕಳು ಬೆಂಗಳೂರಿನಲ್ಲಿದ್ದರೆ ಅಲ್ಲಿಯೇ ಒಂದು ಫ್ಲಾಟ್ ಹಿಡಿಯಬೇಕು ಎಂಬ ಆಸೆ ಸಹಜವಾದದ್ದೇ. ತೋಟವೊಂದನ್ನೇ ನಂಬಿ ಕುಳಿತವನಿಗೆ ತಿಂಗಳು ತಿಂಗಳು ಬರುವ ಹಣ ಎಂಬುದು ದೊಡ್ಡ ಧೈರ್ಯ. ಈ ಆಸೆಯನ್ನು ತಪ್ಪೆನ್ನುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಕಟ್ಟಡ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ "ಬ್ಯಾಂಕು ಎಷ್ಟು ಸಾಲ ಕೊಟ್ಟೀತು?" ಎಂಬುದು. ಇನ್ನು ಕೆಲವು ಹಿರಿಯರು ಇದಕ್ಕೆ ತದ್ವಿರುದ್ಧವಾಗಿ "ಸಾಲದ ಸಹವಾಸವೇ ಬೇಡ, ಇದ್ದ ಹಣವನ್ನೆಲ್ಲ ಹಾಕಿ ಬಿಡುಗಡೆಯಾಗಿಬಿಡೋಣ" ಎನ್ನುತ್ತಾರೆ. ಈ ಎರಡರಲ್ಲೂ ತೋಟಗಾರನಿಗೆ ಅಪಾಯವಿದೆ. ಕಟ್ಟಡದ ಬೆಲೆಯಲ್ಲಿ ಸಾಲವನ್ನು ಕಳೆದು ಉಳಿಯುವ ಭಾಗವೇ ನಮ್ಮ ಸ್ವಂತ ಪಾಲು. ಈ ಪಾಲು ಎಷ್ಟಿರಬೇಕೆಂಬುದನ್ನು ಬ್ಯಾಂಕೂ ಹೇಳಲಾರದು, ನಮ್ಮ ಅಭಿಮಾನವೂ ಹೇಳಲಾರದು. ಅದನ್ನು ಹೇಳಬೇಕಾದದ್ದು ಬಾಡಿಗೆ ಮತ್ತು ತೋಟದ ಒಂದು ವರ್ಷದ ಖರ್ಚು. ಹೇಗೆಂಬುದನ್ನು ಅಂಕಿಗಳೊಂದಿಗೆ ನೋಡೋಣ.

ಸಂಬಳದವರ ಲೆಕ್ಕ ನಮ್ಮ ಲೆಕ್ಕವಲ್ಲ

ಪೇಟೆಯಲ್ಲಿ ನೌಕರಿಯಲ್ಲಿರುವ ನೆಂಟರು ಕೊಡುವ ಸಲಹೆ ಒಂದಿದೆ: "ಆದಷ್ಟು ಹೆಚ್ಚು ಸಾಲ ಮಾಡಿ, ಬಡ್ಡಿಗೆ ತೆರಿಗೆ ವಿನಾಯಿತಿ ಇದೆ." ಈ ಮಾತು ಹೇಳುವವರ ಮಟ್ಟಿಗೆ ಒಂದು ಕಾಲಕ್ಕೆ ಸರಿಯಾಗಿತ್ತು. ಬಾಡಿಗೆಗೆ ಕೊಟ್ಟ ಮನೆಯ ಆದಾಯದಲ್ಲಿ ಪುರಸಭೆಗೆ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30ನ್ನು ದುರಸ್ತಿ ಇತ್ಯಾದಿಗೆಂದು ಬಿಟ್ಟು, ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಬಾಡಿಗೆಗಿಂತ ಹೆಚ್ಚಾಗಿ ನಷ್ಟ ತೋರಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಆ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆದುಕೊಳ್ಳಬಹುದು. 2017-18ರಿಂದ ಇದಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿಗಳ ಮಿತಿ ಬಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಬೇರೆ ಬಾಬಿನ ಆದಾಯದೊಡನೆ ಹೀಗೆ ಕಳೆಯಲು ಅವಕಾಶವೇ ಇಲ್ಲ.

ನಮ್ಮ ಸ್ಥಿತಿ ಏನು? ಅಡಿಕೆ ತೋಟದ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವವರಿಗೆ ಆದಾಯದ ಶೇಕಡಾ 25 ಭಾಗ ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನಷ್ಟ ತೋರಿಸಿ ಉಳಿಸಲು ನಮ್ಮಲ್ಲಿ ಬಹುಪಾಲು ಸಣ್ಣ ಬೆಳೆಗಾರರಿಗೆ ತೆರಿಗೆಯೇ ಹೆಚ್ಚಿಲ್ಲ. ಇಲ್ಲದ ತೆರಿಗೆಯನ್ನು ಉಳಿಸಲು ಇರುವ ಬಡ್ಡಿಯನ್ನು ಕಟ್ಟುವುದು ಯಾವ ಲಾಭ?

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. ನೌಕರಿಯವನಿಗೆ ತಿಂಗಳ ಮೊದಲ ದಿನ ಸಂಬಳ ಬರುತ್ತದೆ, ಐದನೆಯ ದಿನ ಕಂತು ಹೋಗುತ್ತದೆ. ನಮಗೆ ವರ್ಷಕ್ಕೊಮ್ಮೆ ಕೊಯ್ಲು. ಹೂಮಳೆ ಕೈಕೊಟ್ಟರೆ, ಅಡಿಕೆಗೆ ಕೊಳೆ ಬಿದ್ದರೆ, ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹೆಚ್ಚಾದರೆ ಆ ಒಂದು ಕೊಯ್ಲೂ ಅರ್ಧವಾಗುತ್ತದೆ. ಹಿಂದೆ ಕಾಫಿ ಮಂಡಳಿಯ ಪೂಲ್ ಇದ್ದಾಗ ಹಣ ಕಂತುಗಳಲ್ಲಿ ಬರುತ್ತಿತ್ತು. ತಡವಾಗುತ್ತದೆಂದು ನಾವು ಗೊಣಗಿದ್ದೂ ಉಂಟು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂದು 1996ರಲ್ಲಿ ಪೂರ್ತಿಯಾದ ಮೇಲೆ ಹಣ ಒಮ್ಮೆಗೇ ಕೈಗೆ ಬರುತ್ತದೆ. ಒಮ್ಮೆಗೇ ಬಂದ ಹಣ ಒಮ್ಮೆಗೇ ಸೈಟು ಮನೆಗಳ ಕಡೆ ಓಡುವುದನ್ನೂ ನಾವು ಕಾಣುತ್ತಿದ್ದೇವೆ.

ಒಂದು ಉದಾಹರಣೆ

ಲೆಕ್ಕಕ್ಕಾಗಿ ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾ ಕೇಂದ್ರದಲ್ಲಿ ಕೆಳಗೊಂದು ಮೇಲೊಂದು ಸಂಸಾರವಿರುವ ಮನೆ. ಬೆಲೆ ರೂ. 60 ಲಕ್ಷ. ಒಂದೊಂದು ಭಾಗಕ್ಕೆ ತಿಂಗಳ ಬಾಡಿಗೆ ರೂ. 9,000, ಒಟ್ಟು ರೂ. 18,000. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಇದರ ಮೇಲೆ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿರುವುದರಿಂದ ಎಲ್ಲ ಸೇರಿ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ ಬೇರೆಯಾಗಿ ಬೇಕು. ಇದನ್ನು ಕೈಯಿಂದಲೇ ಹಾಕಬೇಕೆಂದು ಇಟ್ಟುಕೊಂಡು ಸದ್ಯಕ್ಕೆ ಪಕ್ಕಕ್ಕಿಡೋಣ.

ವರ್ಷದ ಬಾಡಿಗೆ ಎಷ್ಟು? ಕಾಗದದ ಮೇಲೆ ರೂ. 2,16,000. ಆದರೆ ವರ್ಷಕ್ಕೆ ಹನ್ನೆರಡು ತಿಂಗಳ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದೆ. ಒಂದಿಬ್ಬರು ಬಾಡಿಗೆದಾರರು ಕೊನೆಯ ತಿಂಗಳುಗಳ ಬಾಡಿಗೆಯನ್ನು ಎಳೆದಾಡಿಸುತ್ತಾರೆ. ಆದ್ದರಿಂದ ಹತ್ತು ತಿಂಗಳ ಬಾಡಿಗೆ ಹಿಡಿಯೋಣ: ರೂ. 1,80,000. ಇದರಲ್ಲಿ ಕಂದಾಯ, ಸುಣ್ಣಬಣ್ಣ, ನೀರಿನ ಮೋಟಾರು, ತಾರಸಿ ಸೋರಿಕೆ, ವಿಮೆ ಇವಕ್ಕೆಲ್ಲ ರೂ. 36,000 ಕಳೆದರೆ ಉಳಿಯುವುದು ರೂ. 1,44,000. ಅಂದರೆ ತಿಂಗಳಿಗೆ ರೂ. 12,000. ಅರವತ್ತು ಲಕ್ಷದ ಮೇಲೆ ಇದು ಶೇಕಡಾ 2.4.

ಈಗ ಸಾಲದ ಕಡೆ ಬರೋಣ. ಬಡ್ಡಿ ಶೇಕಡಾ 8.5, ಅವಧಿ 15 ವರ್ಷ ಎಂದು ಹಿಡಿದರೆ ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು ರೂ. 985. ಸಾಲವಾಗಿ ತಂದ ಒಂದು ಲಕ್ಷಕ್ಕೆ ಮೊದಲ ವರ್ಷ ರೂ. 8,500 ಬಡ್ಡಿ ಬೀಳುತ್ತದೆ. ಅದೇ ಒಂದು ಲಕ್ಷ ಗೋಡೆಯಾಗಿ ನಿಂತು ತರುವ ಬಾಡಿಗೆ ರೂ. 2,400. ನಡುವಿನ ರೂ. 6,100ನ್ನು ಕಟ್ಟಡದ ಬೆಲೆ ಏರಿಕೆಯೇ ತುಂಬಿಕೊಡಬೇಕು. ಬೆಲೆ ಏರಬಹುದು, ಬಹಳ ಊರುಗಳಲ್ಲಿ ಏರಿಯೂ ಇದೆ. ಆದರೆ ಆ ಏರಿಕೆ ಕೈಗೆ ಸಿಗುವುದು ಮಾರಿದ ದಿನ, ಕಂತು ಕಟ್ಟಬೇಕಾದದ್ದು ಪ್ರತಿ ತಿಂಗಳು.

ಬ್ಯಾಂಕಿನ ಲೆಕ್ಕ, ಬಾಡಿಗೆಯ ಲೆಕ್ಕ

ರಿಜರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇಕಡಾ 80ರವರೆಗೆ ಬ್ಯಾಂಕುಗಳು ಕೊಡಬಹುದು. ನಮ್ಮ ಉದಾಹರಣೆಯಲ್ಲಿ ಅದು ರೂ. 48 ಲಕ್ಷ. ನಮ್ಮ ಸ್ವಂತ ಪಾಲು ರೂ. 12 ಲಕ್ಷ ಮಾತ್ರ. ಕೇಳಲು ಹಿತವಾಗಿದೆ. ತಿಂಗಳ ಕಂತು ರೂ. 47,280. ಬಾಡಿಗೆಯಿಂದ ಬರುವುದು ರೂ. 12,000. ಮಿಕ್ಕ ರೂ. 35,280 ಎಲ್ಲಿಂದ ಬರಬೇಕು? ತೋಟದಿಂದ. ವರ್ಷಕ್ಕೆ ರೂ. 4,23,360, ಹೀಗೆ ಹದಿನೈದು ವರ್ಷ.

ಇಂಥ ಕಂತನ್ನು ರೂಪಾಯಿಯಲ್ಲಿ ಎಣಿಸದೆ ಚೀಲದಲ್ಲಿ ಎಣಿಸಿ ನೋಡಬೇಕೆಂದು ನಾನು ಸದಸ್ಯರಿಗೆ ಹೇಳುತ್ತೇನೆ. ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ರೂ. 10,000 ಇದ್ದರೆ ಈ ಕೊರತೆಗೆ 42 ಚೀಲ ಸಾಕು. ಅದೇ ಚೀಲ ರೂ. 4,000ಕ್ಕೆ ಇಳಿದರೆ 106 ಚೀಲ ಬೇಕು. ಅಡಿಕೆ ಕ್ವಿಂಟಾಲಿಗೆ ರೂ. 50,000 ಇದ್ದರೆ ಎಂಟೂವರೆ ಕ್ವಿಂಟಾಲು, ರೂ. 30,000 ಆದರೆ ಹದಿನಾಲ್ಕು ಕ್ವಿಂಟಾಲು. ಕಂತು ಬದಲಾಗುವುದಿಲ್ಲ, ಚೀಲದ ಸಂಖ್ಯೆ ಬದಲಾಗುತ್ತದೆ. ಐದಾರು ಎಕರೆಯ ಬೆಳೆಗಾರನಿಗೆ 106 ಚೀಲ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಬೆಲೆ ಇಳಿಯುವುದೇ ಇಲ್ಲವೆಂದು ನಂಬುವವರು ನಮ್ಮದೇ ಚರಿತ್ರೆಯನ್ನು ನೆನೆಯಲಿ. 1975ರ ಜುಲೈನಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು 1977ರ ಹೊತ್ತಿಗೆ ಕಾಫಿ ಬೆಲೆ ಆಕಾಶಕ್ಕೇರಿತು, ಬಳಿಕ ಇಳಿಯಿತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಬೆಲೆ ಕುಸಿಯಿತು. 1994ರಲ್ಲಿ ಮತ್ತೆ ಬ್ರೆಜಿಲಿನ ಹಿಮ, ಮತ್ತೆ ಏರಿಕೆ. ಆ ಏರಿಕೆಯ ನಂತರ 2000ದಿಂದ 2002ರವರೆಗಿನ ಕುಸಿತ ಎಷ್ಟು ತೋಟಗಳನ್ನು ಸಾಲಕ್ಕೆ ಸಿಕ್ಕಿಸಿತೆಂದರೆ 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾಫಿ ಬೆಳೆಗಾರರಿಗಾಗಿಯೇ ಸಾಲ ಪರಿಹಾರ ಯೋಜನೆ ತರಬೇಕಾಯಿತು. ಅಡಿಕೆಯಲ್ಲೂ 2014ರ ಏರಿಕೆ ನಿಲ್ಲಲಿಲ್ಲ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಹದಿನೈದು ವರ್ಷದ ಕಂತಿನ ಅವಧಿಯಲ್ಲಿ ಇಂಥ ಏರಿಳಿತ ಒಂದಾದರೂ ಬಂದೇ ಬರುತ್ತದೆಂದು ಎಣಿಸಿ ಹೆಜ್ಜೆ ಇಡುವುದು ಜಾಣತನ.

ಹಾಗಾದರೆ ಸಾಲ ಎಷ್ಟಿರಬೇಕು? ಬಾಡಿಗೆಯೇ ಹೊರುವಷ್ಟು. ಇದಕ್ಕೆ ಇಂದಿನ ಬಡ್ಡಿಯನ್ನು ಹಿಡಿಯದೆ ಒಂದೂವರೆ ಹೆಚ್ಚು ಹಿಡಿಯಬೇಕು. 2022ರ ಮೇ ತಿಂಗಳ ಆರಂಭದಲ್ಲಿ ಶೇಕಡಾ 4 ಇದ್ದ ರಿಜರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರವರಿಗೆ 6.5ಕ್ಕೆ ಏರಿ, ಬದಲಾಗುವ ಬಡ್ಡಿಯ ಗೃಹಸಾಲಗಳೆಲ್ಲ ಅದರೊಂದಿಗೆ ಏರಿದ್ದನ್ನು ಮರೆಯಬಾರದು. 2025ರಲ್ಲಿ ದರ ಹಲವು ಹಂತಗಳಲ್ಲಿ ಇಳಿಯಿತು, ನಿಜ. ಇಳಿದದ್ದು ಮತ್ತೆ ಏರುವುದೂ ನಿಜ. ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷಕ್ಕೆ ಲಕ್ಷಕ್ಕೆ ಕಂತು ಸುಮಾರು ರೂ. 1,075. ನಮ್ಮ ನಿವ್ವಳ ಬಾಡಿಗೆ ರೂ. 12,000ನ್ನು ಇದರಿಂದ ಭಾಗಿಸಿದರೆ ಸಿಗುವುದು ಸುಮಾರು 11 ಲಕ್ಷ. ಅಂದರೆ ಅರವತ್ತು ಲಕ್ಷದ ಈ ಮನೆಯಲ್ಲಿ ಸಾಲ 11 ಲಕ್ಷ, ಸ್ವಂತ ಪಾಲು 49 ಲಕ್ಷ.

ಬ್ಯಾಂಕಿನ ಲೆಕ್ಕ: ಸಾಲ 48, ಸ್ವಂತ 12. ಬಾಡಿಗೆಯ ಲೆಕ್ಕ: ಸಾಲ 11, ಸ್ವಂತ 49. ಒಂದು ಇನ್ನೊಂದರ ತಲೆಕೆಳಗು. ಬ್ಯಾಂಕು ಮೋಸ ಮಾಡುತ್ತಿದೆ ಎಂದು ಇದರ ಅರ್ಥವಲ್ಲ. ಸಾಲ ವಸೂಲಾಗುವುದೇ ಎಂಬುದನ್ನು ಬ್ಯಾಂಕು ನೋಡುತ್ತದೆ, ಅದು ಕಟ್ಟಡವನ್ನೂ ನಮ್ಮ ಬೇರೆ ಆದಾಯವನ್ನೂ ನೋಡಿ ಕೊಡುತ್ತದೆ. ತೋಟ ಉಳಿಯುವುದೇ ಎಂಬುದನ್ನು ನೋಡಬೇಕಾದವರು ನಾವು.

ಹಾಗೆಂದು ಪೂರ್ತಿ ಹಣವನ್ನೂ ಗೋಡೆಗೆ ಹಾಕಬೇಡಿ

ಇಷ್ಟು ಓದಿದ ಹಿರಿಯ ಸದಸ್ಯರು "ಹಾಗಾದರೆ ಆ 11 ಲಕ್ಷವಾದರೂ ಏಕೆ? ಕೈಯಲ್ಲಿ ಇದ್ದರೆ ಪೂರ್ತಿ ಕೊಟ್ಟು ನೆಮ್ಮದಿಯಿಂದ ಇರಬಹುದಲ್ಲ" ಎನ್ನಬಹುದು. ಅವರ ಮಾತಿಗೂ ಲೆಕ್ಕದಲ್ಲೇ ಉತ್ತರ ನೋಡೋಣ.

ಒಬ್ಬ ಬೆಳೆಗಾರರಲ್ಲಿ ಉಳಿತಾಯ 60 ಲಕ್ಷ ಇದೆ, ತೋಟದ ಒಂದು ವರ್ಷದ ಖರ್ಚು 10 ಲಕ್ಷ ಎಂದು ಭಾವಿಸೋಣ. ಅಷ್ಟನ್ನೂ ಮನೆಗೆ ಹಾಕಿ ಸಾಲವಿಲ್ಲದ ಯಜಮಾನರಾದರು. ವರ್ಷಕ್ಕೆ ರೂ. 1,44,000 ಬಾಡಿಗೆ ಬರುತ್ತಿದೆ. ಒಂದು ವರ್ಷ ಫಸಲು ಕೈಕೊಟ್ಟಿತು. ಮರಗಸಿ, ಗೊಬ್ಬರ, ಕಳೆ, ಔಷಧಿ, ವಾರದ ಬಟವಾಡೆ ಯಾವುದೂ ನಿಲ್ಲುವಂತಿಲ್ಲ, ನಿಲ್ಲಿಸಿದರೆ ಮುಂದಿನ ವರ್ಷದ ಫಸಲೂ ಹೋಯಿತು. ಹಣವೆಲ್ಲ ಗೋಡೆಯಲ್ಲಿದೆ. ಗೋಡೆಯ ಒಂದು ಇಟ್ಟಿಗೆ ಕಿತ್ತು ಕೂಲಿ ಕೊಡಲಾಗದು. ಅರ್ಧ ಮನೆ ಮಾರಲೂ ಆಗದು. ಆಗ ವ್ಯಾಪಾರಿಯ ಮುಂಗಡವೋ ಕೈಸಾಲವೋ ಗತಿ. ಶೇಕಡಾ 18ರಿಂದ 24ರ ಬಡ್ಡಿಗೆ 10 ಲಕ್ಷ ತಂದರೆ ಒಂದು ವರ್ಷಕ್ಕೆ 1.8ರಿಂದ 2.4 ಲಕ್ಷ ಬಡ್ಡಿ. ಇಡೀ ಮನೆಯ ಬಾಡಿಗೆಯೂ ಅದಕ್ಕೆ ಸಾಲದು. ಮುಂಗಡ ಕೊಟ್ಟವರು ಫಸಲಿಗೂ ತಮ್ಮ ದರವನ್ನೇ ಹೇಳುವುದು ಬೇರೆ ಮಾತು.

ಅದೇ ಬೆಳೆಗಾರರು ಮನೆಯ ಮೇಲೆ 11 ಲಕ್ಷ ಸಾಲ ಇಟ್ಟು, ತಮ್ಮ 11 ಲಕ್ಷವನ್ನು ಠೇವಣಿಯಾಗಿ ಉಳಿಸಿಕೊಂಡಿದ್ದರೆ? ಶೇಕಡಾ 8.5ರಂತೆ ಮೊದಲ ವರ್ಷದ ಬಡ್ಡಿ ರೂ. 93,500. ಠೇವಣಿಗೆ ಶೇಕಡಾ 6.5 ಸಿಕ್ಕರೆ ಬರುವುದು ರೂ. 71,500. ವ್ಯತ್ಯಾಸ ರೂ. 22,000. ವರ್ಷದ ಖರ್ಚಿನ ಹಣ ಸದಾ ಕೈಗೆ ಸಿಗುವಂತೆ ಇರುವುದಕ್ಕೆ ನಾವು ತೆರುವ ಬೆಲೆ ಇದು. ಪಂಪಿಗೂ ವಾಹನಕ್ಕೂ ವಿಮೆ ಕಟ್ಟುವ ನಾವು ತೋಟಕ್ಕೆ ಕಟ್ಟುವ ವಿಮೆಯೆಂದು ಇದನ್ನು ತಿಳಿಯಬಹುದು. ಕಷ್ಟ ಬಂದ ಮೇಲೆ ಬ್ಯಾಂಕಿಗೆ ಹೋಗಿ "ಮನೆ ಋಣಮುಕ್ತವಾಗಿದೆ, ಈಗ ಸಾಲ ಕೊಡಿ" ಎಂದರಾಯಿತಲ್ಲ ಎನ್ನುವವರಿದ್ದಾರೆ. ಫಸಲು ಹೋದ ವರ್ಷ ಆದಾಯದ ಪತ್ರ ತೋರಿಸುವುದು ಕಷ್ಟ, ಕಾನೂನು ಅಭಿಪ್ರಾಯ, ಮೌಲ್ಯಮಾಪನ ಎಂದು ತಿಂಗಳುಗಟ್ಟಲೆ ಅಲೆಯುವುದೂ ಇದೆ. ಬಟವಾಡೆ ಶನಿವಾರಕ್ಕೇ ಆಗಬೇಕು.

ಆದ್ದರಿಂದ ಬಾಡಿಗೆ ಹೊರಬಲ್ಲಷ್ಟು ಸಾಲವನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಅದು ದೊಡ್ಡ ಕಟ್ಟಡ ಕೊಳ್ಳಲು ಇರುವ ಸಾಲವಾಗದೆ ಕೈಯಲ್ಲಿ ಹಣ ಉಳಿಸಿಕೊಳ್ಳಲು ಇರುವ ಸಾಲವಾಗಿರಬೇಕು, ಅಷ್ಟೆ.

ಹಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವೂ ಸಿಗುತ್ತದೆ. ಕೊಯ್ಲಿನ ಹಣವನ್ನು ಸಾಲದ ಖಾತೆಯಲ್ಲೇ ಇಟ್ಟರೆ ಆ ದಿನಗಳಿಗೆ ಅಷ್ಟರ ಮಟ್ಟಿಗೆ ಬಡ್ಡಿ ಬೀಳುವುದಿಲ್ಲ, ಗೊಬ್ಬರದ ಕಾಲಕ್ಕೆ ಬೇಕಾದಾಗ ತೆಗೆಯಲೂ ಬಹುದು. ವರ್ಷಕ್ಕೊಮ್ಮೆ ಹಣ ಕಾಣುವ ನಮ್ಮಂಥವರಿಗೆ ಇದು ಹೊಂದುತ್ತದೆ. ಬಡ್ಡಿ ಸ್ವಲ್ಪ ಹೆಚ್ಚಿರುವುದುಂಟು, ವಿಚಾರಿಸಿಯೇ ತೆಗೆದುಕೊಳ್ಳಬೇಕು. ತೆಗೆದ ಹಣವನ್ನು ತೋಟಕ್ಕಲ್ಲದೆ ಬೇರೆಗೆ ಬಳಸದ ಶಿಸ್ತು ಇದ್ದವರಿಗೆ ಮಾತ್ರ ಇದು ಒಳ್ಳೆಯದು.

ಭೋಗ್ಯವೂ ಸಾಲವೇ, ಅಡ್ವಾನ್ಸೂ ಸಾಲವೇ

ಸ್ವಂತ ಪಾಲನ್ನು ಎಣಿಸುವಾಗ ನಮ್ಮವರು ಮರೆಯುವ ಬಾಬು ಒಂದಿದೆ. ಬೆಂಗಳೂರಿನಲ್ಲೂ ಇತರ ಪಟ್ಟಣಗಳಲ್ಲೂ ಮನೆಯನ್ನು ಭೋಗ್ಯಕ್ಕೆ, ಅಂದರೆ ಲೀಸಿಗೆ ಕೊಡುವ ರೂಢಿ ಇದೆ. ಎರಡು ಮೂರು ವರ್ಷಕ್ಕೆ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಪಡೆದು, ಬಾಡಿಗೆ ಕೇಳದೆ, ಅವಧಿ ಮುಗಿದಾಗ ಪೂರ್ತಿ ಹಣ ಹಿಂದಿರುಗಿಸುವ ಕರಾರು. "ಬಡ್ಡಿಯಿಲ್ಲದ ಹಣ ಬಂತು" ಎಂದು ಅದನ್ನು ತೋಟಕ್ಕೋ ಮಗಳ ಮದುವೆಗೋ ಹಾಕಿದವರಿದ್ದಾರೆ.

ನಮ್ಮ ಉದಾಹರಣೆಯ ಮನೆಯ ಎರಡೂ ಭಾಗಗಳನ್ನು ತಲಾ 8 ಲಕ್ಷಕ್ಕೆ ಭೋಗ್ಯ ಕೊಟ್ಟರೆ 16 ಲಕ್ಷ ಬಂತು. ಆ ದಿನದಿಂದ ಆ ಮನೆಯಲ್ಲಿ ನಮ್ಮ ಸ್ವಂತ ಪಾಲು 16 ಲಕ್ಷ ಕಡಮೆಯಾಯಿತು, ಬಾಡಿಗೆಯೂ ನಿಂತಿತು. ತಿಂಗಳ ಕಂತಿಲ್ಲ, ಆದರೆ ಪೂರ್ತಿ ಅಸಲು ತೀರಿಸುವ ದಿನ ಒಂದೇ ದಿನ. ಹೊಸ ಭೋಗ್ಯದಾರ ಸಿಕ್ಕರೆ ಅವರ ಹಣದಿಂದ ಹಳಬರಿಗೆ ಕೊಡಬಹುದು, ಸಿಗದಿದ್ದರೆ? ಜೊತೆಗೆ ಬ್ಯಾಂಕಿನ ಸಾಲವೂ ಇದ್ದರೆ ಆ ಕಂತನ್ನು ಕಟ್ಟಲು ಬಾಡಿಗೆಯೇ ಇಲ್ಲ. ಆದ್ದರಿಂದ ಬ್ಯಾಂಕ್ ಸಾಲವಿರುವ ಮನೆಯನ್ನು ಭೋಗ್ಯಕ್ಕೆ ಕೊಡಕೂಡದು. ಸಾಲವಿಲ್ಲದ ಮನೆಯನ್ನು ಕೊಟ್ಟರೂ ಆ ಹಣವನ್ನು ಹಿಂದಿರುಗಿಸುವ ದಿನಕ್ಕೆ ಸಿದ್ಧವಾಗಿ ಇಡಬೇಕು.

ಬಾಡಿಗೆದಾರರು ಕೊಡುವ ಅಡ್ವಾನ್ಸೂ ಹಾಗೆಯೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವುದು ಬಹುಕಾಲದಿಂದ ಬಂದ ಪದ್ಧತಿ. ತಿಂಗಳಿಗೆ ರೂ. 18,000 ಬರುವ ಮನೆಗೆ ಹಾಗೆ ಪಡೆದರೆ ರೂ. 1,80,000. ಅದು ನಮ್ಮ ಹಣವಲ್ಲ, ಬೇರೆ ಖಾತೆಯಲ್ಲಿ ಇಡಬೇಕು.

ಒಂದೇ ಮಳೆಗೆ ಎರಡೂ ನೆನೆಯಬಾರದು

ಕಟ್ಟಡ ಎಲ್ಲಿದೆ ಎಂಬುದರ ಮೇಲೂ ಸ್ವಂತ ಪಾಲು ಎಷ್ಟಿರಬೇಕೆಂಬುದು ನಿಂತಿದೆ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ, ಕೊಪ್ಪ ಮೊದಲಾದ ಪೇಟೆಗಳ ಅಂಗಡಿಗಳು ನಡೆಯುವುದು ಬೆಳೆಗಾರರ, ತೋಟದ ಕಾರ್ಮಿಕರ ಖರೀದಿಯಿಂದ. ಕಾಫಿ, ಅಡಿಕೆ ಬೆಲೆ ಬಿದ್ದರೆ ಬಟ್ಟೆ ಅಂಗಡಿಯವನ ವ್ಯಾಪಾರವೂ ಬಿತ್ತು, ಮಳಿಗೆಯ ಬಾಡಿಗೆಯೂ ನಿಂತಿತು. ತೋಟ ಸೋತ ವರ್ಷವೇ ಕಟ್ಟಡವೂ ಸೋತರೆ ಆಸರೆ ಎಲ್ಲಿ? ಮಳಿಗೆಗೆ ಮನೆಗಿಂತ ಬಾಡಿಗೆ ಹೆಚ್ಚು ಬರುವುದು ನಿಜ. ಖಾಲಿ ಬಿದ್ದರೆ ತಿಂಗಳುಗಟ್ಟಲೆ ಖಾಲಿ ಬೀಳುವುದೂ ನಿಜ. ಸ್ವಂತ ಊರಿನ ಮಳಿಗೆಗೆ ಹತ್ತು ತಿಂಗಳ ಬದಲು ಎಂಟು ತಿಂಗಳ ಬಾಡಿಗೆ ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಆಗ ಸಾಲದ ಪಾಲು ತಾನಾಗಿ ಇಳಿಯುತ್ತದೆ.

ದೂರದ ನಗರವಾದರೆ ಅಪಾಯವೇ ಇಲ್ಲವೆಂದಲ್ಲ. 2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ಪೇಯಿಂಗ್ ಗೆಸ್ಟ್ ಮನೆಗಳು ಖಾಲಿಯಾಗಿ, ಕಂತು ಮಾತ್ರ ಉಳಿದದ್ದನ್ನು ಕಂಡಿದ್ದೇವೆ. ಗುಡ್ಡದ ಊರುಗಳಲ್ಲಿ ಮಣ್ಣಿನ ಭಯವೂ ಇದೆ. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನಲ್ಲಿ ತೋಟಗಳೂ ಮನೆಗಳೂ ಒಟ್ಟಿಗೆ ಜಾರಿದವು, 2019ರ ಆಗಸ್ಟ್‌ನಲ್ಲಿ ಮಲೆನಾಡಿನ ಇತರ ಭಾಗಗಳೂ ನೊಂದವು. ಸ್ವಂತ ಪಾಲು ಹೆಚ್ಚಿರುವ ಕಟ್ಟಡಕ್ಕೆ ವಿಮೆ ಇನ್ನೂ ಅಗತ್ಯ. ಸಾಲವಿದ್ದರೆ ಬ್ಯಾಂಕೇ ವಿಮೆ ಮಾಡಿಸುತ್ತದೆ, ಸಾಲ ತೀರಿದ ಮೇಲೆ ನೆನಪಿಟ್ಟು ಮಾಡಿಸಬೇಕಾದವರು ನಾವು.

ತೋಟದ ಪಹಣಿ ಬ್ಯಾಂಕಿನ ಮೇಜಿಗೆ ಹೋಗಬಾರದು

ಕಟ್ಟಡದ ಸಾಲಕ್ಕೆ ಕಟ್ಟಡವೇ ಆಧಾರವಾಗಿರಬೇಕು. "ತೋಟವನ್ನೂ ಸೇರಿಸಿಕೊಟ್ಟರೆ ಸಾಲದ ಮೊತ್ತ ಹೆಚ್ಚು ಮಾಡಿಕೊಡುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. 2002ರ ಸರ್ಫೇಸಿ ಕಾನೂನು ನ್ಯಾಯಾಲಯಕ್ಕೆ ಹೋಗದೆಯೇ ಆಧಾರದ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿದೆ. ಕೃಷಿ ಭೂಮಿಗೆ ಆ ಕಾನೂನಿನಲ್ಲಿ ರಕ್ಷಣೆ ಇದ್ದರೂ ಕಾಫಿ ತೋಟಗಳಿಗೆ ಹರಾಜಿನ ನೋಟೀಸು ಬಂದು, ಬೆಳೆಗಾರರ ಸಂಘಟನೆಗಳು ಅದನ್ನು ವಿರೋಧಿಸಬೇಕಾಗಿ ಬಂದದ್ದು ನಮಗೆಲ್ಲ ತಿಳಿದ ಸಂಗತಿ. ಬಾಡಿಗೆ ಮನೆ ಹೋದರೆ ಮತ್ತೊಂದನ್ನು ಮಾಡಬಹುದು. ಅಜ್ಜ ನೆಟ್ಟ ತೋಟ ಹೋದರೆ ಮತ್ತೆ ಬರುವುದಿಲ್ಲ.

ಇದರೊಡನೆ ಇನ್ನೊಂದು ಮಾತು. ಸಹಕಾರ ಸಂಘಗಳ ಮೂಲಕ ಸಿಗುವ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023-24ರ ರಾಜ್ಯ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದಕ್ಕಿಂತ ಅಗ್ಗದ ಹಣ ನಮಗೆ ಎಲ್ಲಿಯೂ ಇಲ್ಲ. ಆದರೆ ಗಡುವಿಗೆ ಸರಿಯಾಗಿ ತೀರಿಸಿದವರಿಗೆ ಮಾತ್ರ ಈ ಅನುಕೂಲ. ಮನೆಯ ಕಂತು ಕಟ್ಟುವ ಭರದಲ್ಲಿ ಬೆಳೆಸಾಲವನ್ನು ಸುಸ್ತಿ ಮಾಡಿಕೊಂಡರೆ ಬಡ್ಡಿಯಿಲ್ಲದ ಸಾಲಕ್ಕೂ ಬಡ್ಡಿ ತೆರಬೇಕಾಗುತ್ತದೆ, ಮುಂದಿನ ಸಾಲಕ್ಕೂ ತೊಡಕಾಗುತ್ತದೆ. ಬೆಳೆಸಾಲವನ್ನೇ ಎತ್ತಿ ಮನೆಗೆ ಹಾಕುವ ಯೋಚನೆಯನ್ನಂತೂ ಯಾರೂ ಮಾಡಕೂಡದು.

ಒಳ್ಳೆಯ ವರ್ಷ ಬಂದಾಗ

ಈಗಾಗಲೇ ಹೆಚ್ಚು ಸಾಲ ಮಾಡಿ ಕಟ್ಟಡ ತೆಗೆದುಕೊಂಡವರು ಗಾಬರಿಯಾಗಬೇಕಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೆಲೆ ಚೆನ್ನಾಗಿರುವ ವರ್ಷ ಸ್ವಂತ ಪಾಲನ್ನು ಹೆಚ್ಚಿಸಿಕೊಳ್ಳಲು ಅದೇ ಸಮಯ. ಆದರೆ ಕೊಯ್ಲಿನ ಹಣ ಹೋಗಬೇಕಾದ ಕ್ರಮ ಹೀಗಿರಲಿ:

1. ಮೊದಲು ಬೆಳೆಸಾಲ, ವ್ಯಾಪಾರಿಯ ಮುಂಗಡ, ಕೈಸಾಲ, ಚಿನ್ನದ ಸಾಲ ಇವು ತೀರಲಿ.

2. ಅನಂತರ ತೋಟದ ಬಾಕಿ ಕೆಲಸ. ಸತ್ತ ಗಿಡದ ಜಾಗಕ್ಕೆ ಗಿಡ, ಕೆರೆಯ ಹೂಳು, ಹೂಮಳೆ ತಪ್ಪಿದಾಗ ನೀರು ಹಾಯಿಸುವ ಸ್ಪ್ರಿಂಕ್ಲರು.

3. ತೋಟದ ಒಂದು ವರ್ಷದ ಪೂರ್ತಿ ಖರ್ಚು ಠೇವಣಿಯಲ್ಲಿ.

4. ಇವು ಮೂರೂ ಆದ ಮೇಲೆ ಉಳಿದದ್ದು ಮನೆಯ ಸಾಲಕ್ಕೆ, ಬಾಡಿಗೆಯೇ ಕಂತು ಹೊರುವ ಮಟ್ಟಕ್ಕೆ ಸಾಲ ಇಳಿಯುವವರೆಗೆ.

ಆ ಮಟ್ಟಕ್ಕೆ ಇಳಿದ ಮೇಲೆ ಅವಸರ ಬೇಡ, ಬಾಡಿಗೆ ತನ್ನ ಕೆಲಸ ತಾನು ಮಾಡುತ್ತದೆ.

ಕೆಲವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ. "ಅರವತ್ತಕ್ಕೆ ತೆಗೆದ ಮನೆ ಈಗ ತೊಂಬತ್ತು ಬಾಳುತ್ತದೆ, ಅದರ ಮೇಲೆ ಇನ್ನಷ್ಟು ಸಾಲ ಎತ್ತಿ ಎರಡನೆಯ ಮನೆ ತೆಗೆಯೋಣ" ಎಂದು. ಬೆಲೆ ಏರಿದ್ದರಿಂದ ಸ್ವಂತ ಪಾಲು ಕಾಗದದ ಮೇಲೆ ಬೆಳೆದಿದೆ, ಸರಿ. ಬಾಡಿಗೆ ಅಷ್ಟು ಬೆಳೆದಿದೆಯೇ? ಎರಡೂ ಮನೆಗಳ ಹತ್ತು ತಿಂಗಳ ಬಾಡಿಗೆ ಎರಡೂ ಸಾಲಗಳ ಕಂತನ್ನು ಹೊರುತ್ತದೆಯೇ? ಹೊರುವುದಾದರೆ ಮುಂದುವರಿಯಿರಿ. ಇಲ್ಲವಾದರೆ ಮೊದಲನೆಯ ಮನೆಯನ್ನೂ ಅಪಾಯಕ್ಕೆ ಒಡ್ಡಿದಂತೆ. ಮಾರಿಯೇ ಲಾಭ ಪಡೆಯುವೆವೆಂದರೆ ದೀರ್ಘಾವಧಿ ಲಾಭದ ಮೇಲೆ ಶೇಕಡಾ 12.5 ತೆರಿಗೆಯಿದೆ ಎಂಬುದನ್ನೂ, 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಮಾತ್ರ ಹಳೆಯ ಸೂಚ್ಯಂಕದ ಲೆಕ್ಕದಲ್ಲಿ ಶೇಕಡಾ 20 ಕಟ್ಟುವ ಆಯ್ಕೆ ಉಳಿದಿದೆ ಎಂಬುದನ್ನೂ ಗಮನಿಸಿ, ಲೆಕ್ಕಪರಿಶೋಧಕರನ್ನು ಕೇಳಿ ಮುಂದುವರಿಯಬೇಕು.

ಮನೆಯೊಳಗಿನ ಲೆಕ್ಕವನ್ನೂ ಮರೆಯಬಾರದು. ಒಟ್ಟು ಕುಟುಂಬದ ತೋಟದ ಹಣದಿಂದ ಒಬ್ಬರ ಹೆಸರಿನಲ್ಲಿ ಮನೆ ತೆಗೆದರೆ ಹಿಸ್ಸೆಯ ದಿನ ಯಾರ ಹಣ ಎಷ್ಟು, ಉಳಿದ ಸಾಲ ಯಾರದು ಎಂಬ ಪ್ರಶ್ನೆ ಏಳುತ್ತದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳದೂ ಸಮಾನ ಪಾಲು. ಯಾರು ಎಷ್ಟು ಹಾಕಿದರೆಂಬುದನ್ನು ಕೊಂಡ ದಿನವೇ ಬರೆದಿಟ್ಟರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಮುಂದೆಯೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದು.

ಸಾರಾಂಶ

ಕಟ್ಟಡ ಕೊಳ್ಳುವ ಮುನ್ನ ಪ್ರತಿಯೊಬ್ಬ ಸದಸ್ಯರೂ ಒಂದು ಹಾಳೆಯ ಮೇಲೆ ಈ ಮೂರನ್ನು ಬರೆದು ನೋಡಬೇಕೆಂದು ಕೋರುತ್ತೇನೆ.

ಒಂದು: ಹತ್ತು ತಿಂಗಳ ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದದ್ದು, ಇಂದಿನದಕ್ಕಿಂತ ಒಂದೂವರೆ ಹೆಚ್ಚು ಬಡ್ಡಿಯಲ್ಲಿ, ಎಷ್ಟು ಸಾಲದ ಕಂತನ್ನು ಹೊರುತ್ತದೆ? ಅಷ್ಟೇ ಸಾಲ, ಮಿಕ್ಕದ್ದೆಲ್ಲ ಸ್ವಂತ ಪಾಲು.

ಎರಡು: ಆ ಸ್ವಂತ ಪಾಲನ್ನೂ ನೋಂದಣಿ ಖರ್ಚನ್ನೂ ಕೊಟ್ಟ ಮೇಲೆ ತೋಟದ ಒಂದು ವರ್ಷದ ಖರ್ಚು ಕೈಯಲ್ಲಿ ಉಳಿಯುತ್ತದೆಯೇ?

ಮೂರು: ತೋಟವನ್ನು ಅಡಮಾನವಿಡದೆ ಇದು ಸಾಧ್ಯವೇ?

ಮೂರಕ್ಕೂ ಉತ್ತರ ಸರಿಬಂದರೆ ಧೈರ್ಯವಾಗಿ ಕೊಳ್ಳಬಹುದು. ಮೂರರಲ್ಲಿ ಒಂದು ತಪ್ಪಿದರೂ ಆ ಕಟ್ಟಡ ಸದ್ಯಕ್ಕೆ ನಮಗೆ ದೊಡ್ಡದೆಂದು ತಿಳಿಯಬೇಕು. ಅರವತ್ತರ ಬದಲು ಮೂವತ್ತರದ್ದನ್ನು ನೋಡಬೇಕು, ಅಥವಾ ಎರಡು ಕೊಯ್ಲು ಕಾಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ತೋಟಗಾರನ ಹಾಸಿಗೆ ವರ್ಷ ವರ್ಷಕ್ಕೂ ಉದ್ದ ಗಿಡ್ಡ ಆಗುತ್ತಿರುತ್ತದೆ, ಗಿಡ್ಡವಾದ ವರ್ಷದ ಅಳತೆಗೇ ಕಾಲು ಚಾಚುವುದು ಒಳ್ಳೆಯದು.

ಕಟ್ಟಡದ ಬೆಲೆ, ಬಾಡಿಗೆ, ತೋಟದ ಖರ್ಚು ಈ ಮೂರು ಅಂಕಿಗಳನ್ನು ತಂದರೆ ಸಂಘದ ಕಚೇರಿಯಲ್ಲಿ ಯಾವ ಸದಸ್ಯರಿಗಾದರೂ ಈ ಲೆಕ್ಕವನ್ನು ಕುಳಿತು ಹಾಕಿಕೊಡಲಾಗುವುದು. ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕುವುದಕ್ಕೆ ಮೊದಲೇ ಬರಬೇಕೆಂದು ವಿನಂತಿ.

— ಕಾರ್ಯದರ್ಶಿ